ಕುರ್ಚಿ ಬಾಬ್ತು

ನಮ್ಮೂರಿನಲ್ಲಿ ಹೊಸ ಮನೆಗೆ ವೈರಿಂಗ್ ಶುರುವಾಗುವ ದಿನ ಮೊದಲು ಬಂದಿಳಿಯುವುದು ಕುರ್ಚಿ. ವೈರು, ಪೈಪು, ಸ್ವಿಚ್ಚು ಎಲ್ಲ ಆಮೇಲೆ. ಆ ಕುರ್ಚಿಯಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೂರಬೇಕು. ಗೋಡೆ ಕೊರೆದು ವೈರು ಎಳೆಯುವ ಕೈ ಯಾರದಾದರೂ ಆದೀತು, ಅದಕ್ಕೆ ನಮ್ಮೂರ ಕರೆಂಟಿನದು ಏನೂ ತಕರಾರಿಲ್ಲ. ಅದು ನೋಡುವುದು ಕೂತವನ ಹೆಸರು ಪರವಾನಗಿ ಕಚೇರಿಯ ದೊಡ್ಡ ರಿಜಿಸ್ಟರಿನಲ್ಲಿ ಇದೆಯೋ ಇಲ್ಲವೋ ಎಂದಷ್ಟೇ. ಇದ್ದರೆ ಹರಿಯುತ್ತದೆ. ಹೆಸರಿನ ಮೇಲೆ ಗೆರೆ ಬಿದ್ದರೆ, ಆತ ಕೂತು ಮಾಡಿಸಿದ ಅಷ್ಟೂ ಮನೆಗಳ ದೀಪ ಆ ಗಳಿಗೆಗೇ ಆರುತ್ತದೆ. ದೊರೆಸ್ವಾಮಿ ಎಂಬಾತ ಕಾಶಿಗೆ ಹೋಗಿ ರಿನ್ಯೂವಲ್ ಮರೆತ ವರ್ಷ ತೊಂಬತ್ತು ಮನೆಯವರು ಏಪ್ರಿಲ್ ತಿಂಗಳಿಡೀ ಬೀಸಣಿಗೆ ಹಿಡಿದು ಅವನ ಇಡೀ ವಂಶವನ್ನು ನೆನೆದರು.

ನನ್ನ ಯಜಮಾನರು ಪಾಲಾಕ್ಷಪ್ಪ, ಲೈಸೆನ್ಸ್ ನಂಬರ್ ಎರಡು. ಪರೀಕ್ಷೆಯಲ್ಲಿ ಮೊದಲ ದರ್ಜೆ. ಕರೆಂಟು ಹೇಗೆ ಹರಿಯುತ್ತದೆ ಎಂದು ಗಂಟೆಗಟ್ಟಲೆ ಹೇಳಬಲ್ಲವರು. ಆದರೆ ಏಣಿಯ ಮೂರನೇ ಮೆಟ್ಟಿಲಿಗೆ ತಲೆ ಸುತ್ತುತ್ತಿತ್ತು, ಟೆಸ್ಟರ್ ಹಿಡಿದರೆ ಕೈ ನಡುಗುತ್ತಿತ್ತು. ಮದುವೆಯಾದ ಮೂರನೇ ತಿಂಗಳು ಅವರ ಪಾಡು ನೋಡಲಾರದೆ "ಕೊಡಿ ಇಲ್ಲಿ" ಎಂದು ಕಟಿಂಗ್ ಪ್ಲೇಯರ್ ಕಿತ್ತುಕೊಂಡು ಏಣಿ ಹತ್ತಿದವಳು ನಾನು, ದಾಕ್ಷಾಯಣಮ್ಮ. ಇಪ್ಪತ್ತಾರು ವರ್ಷ ಇಳಿಯಲಿಲ್ಲ. ಅವರು ಕೆಳಗೆ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನನಗೆ ಓದಿ ಹೇಳುವರು. ಮಧ್ಯೆ ಮಧ್ಯೆ ತಲೆಯೆತ್ತಿ, "ಹುಷಾರು ಕಣೇ, ಮೇನ್ ಆಫ್ ಮಾಡಿದ್ದೀಯಾ?" ಎನ್ನುವರು. ಪ್ರತಿ ಸಲವೂ ಮಾಡಿರುತ್ತಿದ್ದೆ. ಪ್ರತಿ ಸಲವೂ ಕೇಳುತ್ತಿದ್ದರು.

ನನಗೂ ಒಂದು ಲೈಸೆನ್ಸ್ ಕೊಡಿ ಎಂದು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಊರಿಗೆ ನಾಲ್ಕೇ ಲೈಸೆನ್ಸ್. ಊರಿನಲ್ಲಿ ನಾಲ್ಕು ಬೀದಿ ಇದ್ದ ಕಾಲದಲ್ಲಿ ಯಾವನೋ ಪುಣ್ಯಾತ್ಮ ಬೀದಿಗೊಂದು ಎಂದು ಬರೆದಿಟ್ಟು ಹೋಗಿದ್ದ. ಈಗ ನೂರ ಎಂಬತ್ತು ಬೀದಿ, ಕೆರೆಯ ಆಚೆಗೆ ಮೂರು ಬಡಾವಣೆ, ಲೈಸೆನ್ಸ್ ಮಾತ್ರ ನಾಲ್ಕೇ. ನಾಲ್ವರಲ್ಲಿ ಒಬ್ಬರು ತೀರಿಕೊಂಡರೆ ಐದನೆಯವರಿಗೆ ಜಾಗ. ಇದರಿಂದ ಎಸ್ಟಿಮೇಟ್ ಚೀಟಿಯಲ್ಲಿ ಒಂದು ವಿಚಿತ್ರ ಬೆಳೆದುಬಿಟ್ಟಿತು. ವೈರಿನ ಬಾಬ್ತು, ಪೈಪಿನ ಬಾಬ್ತು, ಕೂಲಿ ಬಾಬ್ತು, ಕುರ್ಚಿ ಬಾಬ್ತು. ಮೊದಲ ಮೂರೂ ಸೇರಿದರೂ ನಾಲ್ಕನೆಯದರ ಮೊಣಕಾಲಿಗೆ ಬರುತ್ತಿರಲಿಲ್ಲ. ಸೈಟು ಕೊಳ್ಳಲು ಬಂದವರು ನೀರು ಬರುತ್ತಾ ಎಂದು ಕೇಳುವ ಮೊದಲು, ಕುರ್ಚಿ ಯಾವ ತಿಂಗಳಿಗೆ ಸಿಗುತ್ತೆ ಎಂದು ಕೇಳುವರು.

ನಾಲ್ವರ ಆರೋಗ್ಯದ ಮೇಲೆ ಊರಿನ ಕಣ್ಣಿತ್ತು. ಸ್ಕೂಟರ್ ಹತ್ತಲು ಬಿಡುತ್ತಿರಲಿಲ್ಲ. ಸಣ್ಣಗೆ ಕೆಮ್ಮಿದರೂ ಮೂರು ಮನೆಯಿಂದ ಕಷಾಯ ಬರುವುದು. ನಮ್ಮವರಿಗೆ ಸಕ್ಕರೆ ಕಾಯಿಲೆ. ಮದುವೆ ಊಟದಲ್ಲಿ ಆಸೆಪಟ್ಟು ಒಂದು ಜಿಲೇಬಿಗೆ ಕೈ ಹಾಕಿದರೆ ಇಡೀ ಪಂಕ್ತಿ ಎದ್ದು ನಿಲ್ಲುತ್ತಿತ್ತು: "ಬೇಡಿ ಪಾಲಾಕ್ಷಪ್ಪನವರೇ, ನಮ್ಮನೆ ಬೋರ್‌ವೆಲ್ ಮೋಟಾರ್ ನಿಮ್ಮ ಹೆಸರಲ್ಲಿದೆ!" ಪಾಪ, ಮನುಷ್ಯ ಜಿಲೇಬಿ ಎಲೆಗೇ ಬಿಟ್ಟು ಕೈ ತೊಳೆಯುತ್ತಿದ್ದರು.

ಇಷ್ಟು ಕಾದರೂ ಮಾಘ ಮಾಸದ ಒಂದು ಸೋಮವಾರ ಹೋಗಿಯೇಬಿಟ್ಟರು. ಅಕ್ಕಿ ಮಿಲ್ಲಿನ ಜಯದೇವಪ್ಪ, ಪುರಸಭೆಯ ಅಧ್ಯಕ್ಷರೂ ಅವರೇ, ಹೊಸದಾಗಿ ಕಟ್ಟಿಸುತ್ತಿದ್ದ ಕಲ್ಯಾಣ ಮಂಟಪದಲ್ಲಿ ಕೆಲಸ ನಡೆದಿತ್ತು. ನಾನು ಏಣಿಯ ಮೇಲೆ ಫ್ಯಾನಿಗೆ ವೈರು ಸಿಕ್ಕಿಸುತ್ತಿದ್ದೆ. ಕೆಳಗೆ ಪೇಪರ್ ಓದುತ್ತಿದ್ದ ದನಿ ಚಿನ್ನದ ದರದ ಹತ್ತಿರ ನಿಂತಿತು. ಉಗುಳು ನುಂಗುತ್ತಿದ್ದಾರೆ ಎಂದುಕೊಂಡೆ. ಬೆಳ್ಳಿಯ ದರ ಬರಲಿಲ್ಲ. "ರೀ" ಎಂದೆ. ಇಳಿದು ಬಂದು ಮುಟ್ಟಿದಾಗ ಕೈ ಇನ್ನೂ ಬೆಚ್ಚಗಿತ್ತು.

ನನ್ನ ಬಾಯಿಂದ ಕೂಗು ಹೊರಡುವ ಮೊದಲೇ ಜಯದೇವಪ್ಪ ಓಡಿ ಬಂದರು. "ಅಳಬೇಡಿ ದಾಕ್ಷಾಯಣಮ್ಮ, ನಿಮ್ಮ ದಮ್ಮಯ್ಯ ಅಂತೀನಿ. ಮೊದಲು ಆ ಬಾಗಿಲು ಹಾಕಿ." ಬಾಗಿಲು ಹಾಕಿಕೊಂಡು ಬೆರಳು ಮಡಚುತ್ತ ಹೇಳಿದರು: ಸಾವಿರದ ನೂರ ನಲವತ್ತು ಮನೆ, ಎರಡು ನರ್ಸಿಂಗ್ ಹೋಮ್, ಐಸ್ ಫ್ಯಾಕ್ಟರಿ, ತಮ್ಮ ಮಿಲ್ಲು, ಈ ಮಂಟಪ. "ಇವರು ಹೋದ್ರು ಅಂತ ಕಚೇರಿಗೆ ಗೊತ್ತಾದ್ರೆ ಅರ್ಧ ಊರು ಹೋದ ಹಾಗೆ. ಹೋಗಿಲ್ಲ ಅಂದ್ಕೊಂಡ್ಬಿಡಿ."

"ಉಸಿರೇ ಇಲ್ಲವಲ್ಲಣ್ಣ" ಎಂದೆ.

"ಉಸಿರಿಗೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲಮ್ಮ. ಹೆಸರಿಗೆ ಮಾತ್ರ ಇದೆ."

ಅಂದೇ ಸಂಜೆ ಜಯದೇವಪ್ಪನವರ ತರಕಾರಿ ತೋಟದ ಮೂಲೆಯಲ್ಲಿ ಗುಣಿ ತೋಡಿ, ನಮ್ಮವರ ಪದ್ಧತಿಯಂತೆ ಕೂರಿಸಿ, ವಿಭೂತಿ ಇಟ್ಟು ಮಣ್ಣು ಮಾಡಿದರು. ಜೀವನವಿಡೀ ಕೂತೇ ದುಡಿದವರು ಕೂತೇ ಹೋದರು. ಊರಿನ ಗಣ್ಯರೆಲ್ಲ ಬಂದಿದ್ದರು, ಬಂದೇ ಇಲ್ಲವೆಂಬಂತೆ ಮುಖ ಮಾಡಿಕೊಂಡು. ಗುಡ್ಡೆ ಕಾಣಬಾರದು, ಕಲ್ಲು ನೆಡಬಾರದು, ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ಅಲ್ಲೇ ನಿಂತು ಚರ್ಚೆಯಾಗಿ, ಮೇಲೆ ಬದನೆ ಸಸಿ ನೆಟ್ಟರು. ಎರಡು ತಿಂಗಳಿಗೆ ಫಲ ಬಂತು. ಜಯದೇವಪ್ಪ ಒಂದು ಬುಟ್ಟಿ ನಮ್ಮ ಮನೆಗೂ ಕಳಿಸಿದ್ದರು. ನಾನು ಬದನೆಕಾಯಿ ತಿನ್ನುವುದನ್ನೇ ಬಿಟ್ಟೆ.

ಮೂರನೇ ದಿನ ಎದುರುಮನೆಯ ಸರೋಜಕ್ಕ ಎರಡು ಮೊಳ ಮಲ್ಲಿಗೆ ಹಿಡಿದು ಬಂದರು. ತಮ್ಮ ತಂಗಿಯ ಗಂಡ ಸತ್ತ ಮೇಲೆ, ಅವಳ ಸ್ವಂತ ಮಗನ ಮದುವೆಯಲ್ಲೇ ಅವಳನ್ನು ಆರತಿ ತಟ್ಟೆ ಮುಟ್ಟಬೇಡ ಎಂದು ಹಿಂದಕ್ಕೆ ಕಳಿಸಿದ ಮಹಾತಾಯಿ ಇವರು. "ಮುಡ್ಕೊಳ್ಳೇ ನಮ್ಮವ್ವ" ಎಂದು ತಾವೇ ನನ್ನ ಜಡೆಗೆ ಸಿಕ್ಕಿಸಿದರು. "ಬೋಳು ಹಣೇಲಿ ಬಾಗಿಲಿಗೆ ಬರಬೇಡ, ಕಚೇರಿಯವರು ಯಾರಾದ್ರೂ ನೋಡಿಬಿಟ್ಟಾರು. ನಮ್ಮ ಫ್ರಿಜ್‌ನಲ್ಲಿ ಎರಡು ಕೆ.ಜಿ. ಬೆಣ್ಣೆ ಇದೆ."

"ಅಳು ಬರುತ್ತಲ್ಲ ಸರೋಜಕ್ಕ, ಏನು ಮಾಡಲಿ?"

"ಈರುಳ್ಳಿ ಹೆಚ್ಚುತ್ತಾ ಅಳು. ಯಾರೂ ಏನೂ ಅನ್ನಲ್ಲ."

ಹಾಗೇ ಅತ್ತೆ. ಮನೆಯಲ್ಲಿ ಒಬ್ಬಳೇ, ದಿನಕ್ಕೆ ಎರಡು ಈರುಳ್ಳಿಗಿಂತ ಹೆಚ್ಚು ಹೆಚ್ಚಿ ಏನು ಮಾಡಲಿ? ಊರಿನಲ್ಲಿ ನನಗೆ ಸಿಕ್ಕ ಮರ್ಯಾದೆ ಯಾವ ಮುತ್ತೈದೆಗೂ ಸಿಕ್ಕಿರಲಿಕ್ಕಿಲ್ಲ. ಯಾರ ಮನೆಯ ಅರಿಶಿನ ಕುಂಕುಮಕ್ಕೂ ಮೊದಲ ತಾಂಬೂಲ ನನಗೇ. ಬೀದಿಯಲ್ಲಿ ಎದುರಾದವರು ಊರಿಗೆಲ್ಲ ಕೇಳುವಂತೆ, "ಯಜಮಾನ್ರು ಹೇಗಿದ್ದಾರಮ್ಮ?" ಎಂದು ಕೂಗುವರು. "ಒಳಗೆ ಮಲಗಿದ್ದಾರೆ" ಎನ್ನಬೇಕು.

ಕೆಲಸವೇನೂ ನಿಲ್ಲಲಿಲ್ಲ. ಬೆತ್ತದ ಕುರ್ಚಿಯ ಮೇಲೆ ಅವರ ಟವೆಲ್ ಹಾಸಿ, ಆಟೋದಲ್ಲಿ ಇಟ್ಟುಕೊಂಡು ಹೋಗುವುದು, ಮನೆಯ ನಡುವೆ ಇಡುವುದು, ನಾನು ಏಣಿ ಹತ್ತುವುದು. ಮನೆಯವರು ಕುರ್ಚಿಯ ಮುಂದೆ ಕಾಫಿ ತಂದಿಡುವರು. ಸ್ವಲ್ಪ ದಿನಕ್ಕೆ ಊರಿಗೆ ಇನ್ನೊಂದು ಹೊಳೆಯಿತು. ಉಳಿದ ಮೂವರು ಲೈಸೆನ್ಸ್‌ದಾರರು ಇವತ್ತಲ್ಲ ನಾಳೆ ಸಾಯುವವರೇ. ಪಾಲಾಕ್ಷಪ್ಪನವರಿಗೆ ಆ ಭಯವಿಲ್ಲ. ಜನ ಮುಗಿಬಿದ್ದರು. ನಮ್ಮ ಕುರ್ಚಿ ಬಾಬ್ತು ಒಂದಕ್ಕೆರಡಾಯಿತು. ನಂಬರ್ ಮೂರರ ಮಹದೇವಾಚಾರ್ ನಮ್ಮ ಮನೆ ಮುಂದೆ ನಿಂತು, "ಬದುಕಿರೋದೇ ನಾವು ಮಾಡಿದ ತಪ್ಪಾ ತಾಯಿ?" ಎಂದು ಕೇಳಿ ಹೋದರು. ರಾಜ್ಯೋತ್ಸವಕ್ಕೆ ಪುರಸಭೆಯವರು ಕುರ್ಚಿಯನ್ನು ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, "ಸರಳ ಸಜ್ಜನರು, ಮಿತಭಾಷಿಗಳು" ಎಂದು ಹೊಗಳಿದರು. ಆ ಮನುಷ್ಯನ ಬಾಯಿಗೆ ಬೀಗ ಹಾಕಲು ನನ್ನಿಂದಲೇ ಆಗಿರಲಿಲ್ಲ. ನಗು ಬಂತು, ಹಿಂದೆಯೇ ಅಳು ಬಂತು, ಕೈಯಲ್ಲಿ ಈರುಳ್ಳಿ ಇರಲಿಲ್ಲ.

ವರ್ಷ ತುಂಬಿತು. ಮಠದ ಅಯ್ಯನವರ ಹತ್ತಿರ ಹೋಗಿ, ಒಂದು ಪುಣ್ಯತಿಥಿ ಮಾಡಿಸಿಕೊಡಿ ಬುದ್ಧಿ ಎಂದೆ. ಅವರು ಅತ್ತ ಇತ್ತ ನೋಡಿದರು. "ಇರೋರಿಗೆ ಹೇಗಮ್ಮ ಪುಣ್ಯತಿಥಿ ಮಾಡೋದು? ಮಠದ ಪಂಪ್‌ಸೆಟ್ಟೂ ಅವರ ಹೆಸರಲ್ಲೇ ಇದೆ." ನಾಲ್ಕು ಜನ ಕೂತು ಅವರ ಹೆಸರು ಹೇಳಿ ಊಟ ಮಾಡಲಿ ಎಂದರೆ ಅದಕ್ಕೂ ಇಲ್ಲ. ಮನೆಗೆ ಬಂದವಳೇ ನಿಶ್ಚಯ ಮಾಡಿಕೊಂಡೆ. ನನ್ನ ಗಂಡ ಸತ್ತಿದ್ದಾರೆ ಎಂದು ಯಾರಾದರೂ ಒಬ್ಬರು ನನಗೆ ಬರೆದುಕೊಡಬೇಕು. ಹಣ ಬೇಡ, ಶಾಲು ಬೇಡ, ಅಷ್ಟಾದರೆ ಸಾಕು.

ಪರವಾನಗಿ ಕಚೇರಿಯ ಸೂಪರಿಂಟೆಂಡೆಂಟ್ ವಾಸುದೇವಮೂರ್ತಿಗಳು ತುಂಬ ನಯಸ್ಥರು. ಅವರಿಗೂ ಎಲ್ಲ ಗೊತ್ತಿತ್ತು. ಗೊತ್ತಿಲ್ಲದಿರುವುದು ಅವರ ಕೆಲಸವಾಗಿತ್ತು. "ಅಯ್ಯೋ, ಹೌದಾ? ಛೆ ಛೆ. ಹಾಗಿದ್ರೆ ಡಾಕ್ಟರ ಸರ್ಟಿಫಿಕೇಟ್ ತನ್ನಿ" ಎಂದರು. ಡಾಕ್ಟರ ನರ್ಸಿಂಗ್ ಹೋಮ್ ನಾವೇ ವೈರಿಂಗ್ ಮಾಡಿದ್ದು. ಅವರು ಸ್ಟೆತಸ್ಕೋಪನ್ನು ಕುರ್ಚಿಯ ಬೆನ್ನಿಗೆ ಒತ್ತಿ, "ಸ್ವಲ್ಪ ಸುಸ್ತಿದೆ ಅಷ್ಟೇ" ಎಂದು ಟಾನಿಕ್ ಬರೆದುಕೊಟ್ಟರು. ಹಾಗಾದರೆ ಸ್ಮಶಾನದ ರಸೀದಿ ತನ್ನಿ ಎಂದರು ವಾಸುದೇವಮೂರ್ತಿಗಳು. ಬದನೆ ತೋಟದಲ್ಲಿ ಯಾರು ರಸೀದಿ ಕೊಡುತ್ತಾರೆ?

ಮಾರ್ಚ್ ಮೂವತ್ತೊಂದು ಬಂತು. ರಿನ್ಯೂವಲ್‌ಗೆ ಲೈಸೆನ್ಸ್‌ದಾರರು ಖುದ್ದು ಹಾಜರಾಗಬೇಕು. ಹಿಂದಿನ ವರ್ಷದಂತೆ ಈ ಸಲವೂ ಜಯದೇವಪ್ಪ ಮತ್ತು ಇನ್ನೂ ಹತ್ತು ಜನ ಸೇರಿ ಕುರ್ಚಿಯನ್ನು ಎತ್ತಿಕೊಂಡು ಹೋಗಿ ವಾಸುದೇವಮೂರ್ತಿಗಳ ಮೇಜಿನ ಮುಂದೆ ಇಟ್ಟರು. ಅವರು ಕುರ್ಚಿಗೆ ನಮಸ್ಕಾರ ಹೇಳಿ ರಿಜಿಸ್ಟರ್ ತೆಗೆದರು. ನಾನು ಹಿಂದಿನಿಂದ ಬಂದು ಕುರ್ಚಿಯಲ್ಲಿ ಕೂತುಬಿಟ್ಟೆ.

"ಏಳಮ್ಮಾ, ಏಳಿ ಏಳಿ! ಪಾಲಾಕ್ಷಪ್ಪನವರು ಕೂತಿದ್ದಾರೆ!" ಎಂದು ಎಲ್ಲರೂ ಒಟ್ಟಿಗೆ ಅರಚಿದರು.

"ಕೂತಿದ್ದಾರಾ? ಹಾಗಾದ್ರೆ ಸರ್ಕಾರಿ ಕಚೇರಿಯಲ್ಲಿ ಹಾಡಹಗಲೇ ನಾನು ಗಂಡನ ತೊಡೆ ಮೇಲೆ ಕೂತಿದ್ದೀನಿ. ಹಾಗಂತ ಬರ್ಕೊಳ್ಳಿ. ಇಲ್ಲ ಅನ್ನೋದಾದ್ರೆ ಅವರು ಸತ್ತಿದ್ದಾರೆ ಅಂತ ಬರ್ಕೊಳ್ಳಿ. ಎರಡರಲ್ಲಿ ಒಂದು ಬರೀರಿ ಸ್ವಾಮಿ, ನಾನು ನೋಡಿಯೇ ಏಳೋದು."

ತಲೆಯ ಮೇಲೆ ಕಚೇರಿಯ ಫ್ಯಾನ್ ತಿರುಗುತ್ತಿತ್ತು. ಆ ಫ್ಯಾನೂ ನಾನು ಕೂಡಿಸಿದ್ದೇ. ವಾಸುದೇವಮೂರ್ತಿಗಳು ಪೆನ್ನಿನ ತುದಿ ಕಚ್ಚಿದರು, ಚಾವಣಿ ನೋಡಿದರು, ಆಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದರು: "ಲೈಸೆನ್ಸ್‌ದಾರರು ಪತ್ನೀಸಮೇತ ಹಾಜರಿದ್ದರು." ಜನ ಚಪ್ಪಾಳೆ ತಟ್ಟಿದರು. ಮುಗಿಯಿತು, ನನ್ನ ಗಂಡನಿಗೆ ಇನ್ನೊಂದು ವರ್ಷ ಆಯುಸ್ಸು.

ಮನೆಗೆ ಬಂದು ಏಣಿಯನ್ನು ಹಿತ್ತಿಲಿಗೆ ಹಾಕಿದೆ. ಕೆಲಸಕ್ಕೆ ಕರೆಯಲು ಬಂದವರಿಗೆಲ್ಲ ಒಂದೇ ಮಾತು: "ಯಜಮಾನ್ರು ಇದ್ದಾರಲ್ಲ, ಅವರನ್ನೇ ಕೇಳಿ." ಕುರ್ಚಿಯನ್ನು ಜಗುಲಿಯಲ್ಲಿ ಇಟ್ಟಿದ್ದೆ. ಕೆಲವರು ನಿಜವಾಗಿಯೂ ಕೇಳಿ ನೋಡಿದರು. ಕುರ್ಚಿ ಬೇಕಾದರೆ ಒಯ್ಯಿರಿ, ನನ್ನ ಕೈ ಬರುವುದಿಲ್ಲ ಎಂದುಬಿಟ್ಟೆ. ಹಳೇ ಕೆಲಸಗಳು ಗಟ್ಟಿಯಾಗಿದ್ದವು, ಒಂದೂವರೆ ತಿಂಗಳು ಯಾರಿಗೂ ಬಿಸಿ ತಟ್ಟಲಿಲ್ಲ.

ವೈಶಾಖದಲ್ಲಿ ತಟ್ಟಿತು, ಅದೂ ಯಾರಿಗೆ ತಟ್ಟಬೇಕೋ ಅವರಿಗೇ. ವಾಸುದೇವಮೂರ್ತಿಗಳ ಒಬ್ಬಳೇ ಮಗಳ ಮದುವೆ, ಜಯದೇವಪ್ಪನವರ ಮಂಟಪದಲ್ಲಿ. ಬೆಳಗಿನ ಮುಹೂರ್ತ ಚೆನ್ನಾಗಿ ಆಯಿತು. ಮಧ್ಯಾಹ್ನ ನಾಲ್ಕಕ್ಕೆ, ಆರತಕ್ಷತೆಗೆ ಬಿರುಸಿನ ತಯಾರಿ ನಡೆದಿರುವಾಗ, ಮೇನ್ ಬೋರ್ಡಿನಲ್ಲಿ ನ್ಯೂಟ್ರಲ್ ವೈರು ಸುಟ್ಟುಹೋಯಿತು. ದೀಪ, ಫ್ಯಾನು, ಅಡುಗೆಮನೆಯ ರುಬ್ಬುವ ಯಂತ್ರ ಎಲ್ಲ ಗಪ್‌ಚಿಪ್. ಟಿ.ವಿ. ರಿಪೇರಿಯವನೊಬ್ಬನನ್ನು ಹಿಡಿದು ತಂದರು. ಅವನು ಬೋರ್ಡಿನ ಬಾಗಿಲು ತೆಗೆದು ಒಳಗೆ ನೋಡಿ ಹಿಂದೆ ತಿರುಗದೆ ಓಡಿದ. ಜಯದೇವಪ್ಪ ಅಗ್ಗಕ್ಕೆ ಸಿಕ್ಕಿತೆಂದು ಇಡೀ ಮಂಟಪಕ್ಕೆ ಕೆಂಪು ಬಣ್ಣದ ಒಂದೇ ಥರದ ವೈರು ತಂದು ಸುರಿದಿದ್ದರು. ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮಹದೇವಾಚಾರ್ ಊಟಕ್ಕೆ ಬಂದಿದ್ದವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದರಂತೆ: "ನಾನು ಹೇಗೆ ಮುಟ್ಟಲಿ ಸ್ವಾಮಿ? ಒಬ್ಬರು ಬದುಕಿರುವಾಗ ಅವರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು ಅಂತ ನಿಮ್ಮದೇ ರೂಲ್ಸ್."

ನನ್ನ ಮನೆಗೆ ಕಾರು ಬಂತು. ಕುರ್ಚಿಯನ್ನು ಕಾರಿನಲ್ಲಿ ಹಾಕಿ ನಾನೂ ಹತ್ತಿದೆ. ಮಂಟಪದಲ್ಲಿ ಕುರ್ಚಿಯನ್ನು ಬೋರ್ಡಿನ ಮುಂದೆ ಇಟ್ಟು, ಕೈ ಕಟ್ಟಿಕೊಂಡು ಪಕ್ಕಕ್ಕೆ ನಿಂತೆ.

"ಹತ್ತಮ್ಮ" ಎಂದರು ವಾಸುದೇವಮೂರ್ತಿಗಳು. ರೇಷ್ಮೆ ಪಂಚೆ, ಪೇಟ, ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ನನಗೇನು ಗೊತ್ತು ಸ್ವಾಮಿ? ಲೈಸೆನ್ಸ್‌ದಾರರನ್ನ ಕೇಳಿ. ಅಲ್ಲೇ ಕೂತಿದ್ದಾರೆ."

ಬೀಗರು ನೋಡುತ್ತಿದ್ದರು. ಐನೂರು ಜನ ಬೀಸಣಿಗೆ ಇಲ್ಲದೆ ಲಗ್ನಪತ್ರಿಕೆಯಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ವಾಸುದೇವಮೂರ್ತಿಗಳು ಕುರ್ಚಿಯ ಮುಂದೆ ನಿಂತು ಕೈ ಮುಗಿದರು. "ಪಾಲಾಕ್ಷಪ್ಪನವರೇ, ಹೆಣ್ಣು ಹೆತ್ತವನು ನಾನು, ಸ್ವಲ್ಪ ದೊಡ್ಡ ಮನಸ್ಸು ಮಾಡಿ" ಎಂದರು. ಕುರ್ಚಿಯ ಮೇಲಿನ ಟವೆಲ್ ಅಲ್ಲಾಡಲಿಲ್ಲ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುಮಗನ ಅಜ್ಜಿ, "ಈ ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿಯೇಬಿಟ್ಟಳು. ವಾಸುದೇವಮೂರ್ತಿಗಳ ನಯ ಅಲ್ಲಿಗೆ ಮುಗಿಯಿತು. "ಅವರು ಸತ್ತು ಹದಿನೈದು ತಿಂಗಳಾಯ್ತಲ್ಲಮ್ಮಾ!" ಎಂದು ನನ್ನ ಮೇಲೆ ಕಿರುಚಿದರು.

"ಅದನ್ನೇ ಬರ್ಕೊಡಿ" ಎಂದೆ.

ಜಯದೇವಪ್ಪ ಮಧ್ಯೆ ನುಗ್ಗಿದರು. "ಬೇಡಿ ಸಾರ್! ಮಿಲ್ಲು! ಐಸ್ ಫ್ಯಾಕ್ಟರಿ! ಊರಿಗೆ ಊರೇ!" ಆದರೆ ವಾಸುದೇವಮೂರ್ತಿಗಳ ತಲೆ ಓಡತೊಡಗಿತ್ತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಈ ಮಂಟಪ ಹೇಗೂ ಕತ್ತಲೆ. ಗೆರೆ ಎಳೆದರೆ ಮುಳುಗುವುದು ಉಳಿದವರು. ಒಂದು ಲೈಸೆನ್ಸ್ ಖಾಲಿಯಾಗುತ್ತದೆ, ಅದನ್ನು ಈಗಲೇ ಈ ಹೆಂಗಸಿಗೆ ಕೊಟ್ಟು ಮೊದಲು ಇಲ್ಲಿಯ ಕೆಲಸ ಮಾಡಿಸಿದರೆ, ಊರಿನಲ್ಲಿ ದೀಪ ಹತ್ತುವ ಮೊದಲ ಜಾಗ ತಮ್ಮ ಮಗಳ ಆರತಕ್ಷತೆ. ಜವಾನನನ್ನು ಓಡಿಸಿ ರಿಜಿಸ್ಟರ್ ತರಿಸಿದರು. ಊರಿನ ಹಿತಕ್ಕಾಗಿ ಅದು ತನ್ನಿ ಇದು ತನ್ನಿ ಎಂದು ನನ್ನನ್ನು ಅಲೆಸಿದ ಮನುಷ್ಯ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿ, ಒಂದು ಕ್ಷಣವೂ ತಡೆಯದೆ ನನ್ನವರ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ಮೃತರು" ಎಂದು ಬರೆದರು.

ಹೊರಗೆ ಊರು ನಿಂತ ಸದ್ದು ಕೇಳಿಸಿತು. ಮಿಲ್ಲಿನ ಗುಡುಗುಡು ನಿಂತಿತು, ಎಲ್ಲಿಂದಲೋ ಬರುತ್ತಿದ್ದ ಹಾಡು ಅರ್ಧಕ್ಕೆ ನಿಂತಿತು. ಆಮೇಲೆ ಬೀದಿ ಬೀದಿಯಿಂದ ಹೋ ಎಂಬ ಕೂಗು. ಜಯದೇವಪ್ಪ ತಲೆ ಹಿಡಿದುಕೊಂಡು ಕೆಳಗೆ ಕೂತರು. ವಾಸುದೇವಮೂರ್ತಿಗಳು ಮುಂದಿನ ಸಾಲಿನಲ್ಲಿ ನನ್ನ ಹೆಸರು ಬರೆದು, ಮೊಹರು ಒತ್ತಿ, "ಆಯ್ತಲ್ಲಮ್ಮ, ಈಗ ಬೇಗ ಬೇಗ ಹತ್ತಿ" ಎಂದರು.

"ಸ್ವಲ್ಪ ತಡೀರಿ ಸ್ವಾಮಿ" ಎಂದೆ. "ಹದಿನೈದು ತಿಂಗಳ ಅಳು ಬಾಕಿ ಇದೆ."

ಅಲ್ಲೇ ನೆಲದ ಮೇಲೆ ಕೂತೆ. ಮೊದಲು ದನಿಯೇ ಹೊರಡಲಿಲ್ಲ, ಅಭ್ಯಾಸ ತಪ್ಪಿಹೋಗಿತ್ತು. ಆಮೇಲೆ ಹೊರಟಿತು ನೋಡಿ. "ನನ್ನ ಬಿಟ್ಟು ಹೋಗಿಬಿಟ್ರಲ್ರೀ, ಒಂದು ಮಾತೂ ಹೇಳದೆ ಹೋಗಿಬಿಟ್ರಲ್ರೀ" ಎಂದು ಎದೆ ಬಡಿದುಕೊಂಡು, ಐನೂರು ಜನರ ಮುಂದೆ, ಹೊಟ್ಟೆ ತುಂಬ ಅತ್ತೆ. ಅಷ್ಟರಲ್ಲಿ ಊರಿನವರು ಬಾಗಿಲಿಗೆ ನುಗ್ಗಿದರು. ಗೆರೆ ಎಳೆದವನು ಯಾವನು ಎಂದು ತೋಳೇರಿಸಿಕೊಂಡೇ ಬಂದಿದ್ದರು. ನನ್ನನ್ನು ಕಂಡು ಮುಂದಿದ್ದವರ ಕಾಲು ನಿಂತಿತು, ಹಿಂದಿದ್ದವರು ಅವರ ಬೆನ್ನಿಗೆ ಬಂದು ಒತ್ತಿಕೊಂಡರು. ಮೊದಲು ಸರೋಜಕ್ಕ ಬಂದು ನನ್ನ ಪಕ್ಕ ಕೂತು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಒಬ್ಬೊಬ್ಬರೇ ಕೂತರು. ಕತ್ತಲಾಗುವ ಹೊತ್ತಿಗೆ ಆ ಮಂಟಪದ ತುಂಬ ಅಳುವೇ ಅಳು. ಅದರಲ್ಲಿ ಅರ್ಧದಷ್ಟು ಜನ ತಮ್ಮ ತಮ್ಮ ಮನೆಯ ಕತ್ತಲೆಗೆ ಅತ್ತಿರಬೇಕು. ನನಗೆ ಅಂದು ಜೊತೆಯಲ್ಲಿ ಕೂತು ಅಳುವ ಜನ ಬೇಕಾಗಿತ್ತು, ಯಾತಕ್ಕೆ ಅಳುತ್ತಿದ್ದೀರಿ ಎಂದು ಯಾರನ್ನೂ ಕೇಳಲಿಲ್ಲ.